ಹಳೆಯ ಕಾರಿನ ಕ್ರೂಸ್ ಕಂಟ್ರೋಲ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಆಕ್ಸಿಲರೇಟರ್ ತುಳಿಯದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಕೈಕೊಟ್ಟ ಕೂಡಲೇ ಬಹಳ ಮಂದಿಗೆ ಮೊದಲು ಅನುಮಾನ ಬರುವುದು ಅದರ ಕಂಟ್ರೋಲ್ ಮಾಡ್ಯೂಲಿನ, ಅಂದರೆ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿಯ ಮೇಲೆ. ಹಳೆಯ ಮಾದರಿಯ ಕಾರಿಗೆ ಆ ಡಬ್ಬಿ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅದನ್ನು ಹೇಗೋ ಹುಡುಕಿ ತಂದು ಕೂರಿಸಿದ ಮೇಲೂ ಕಾರು ಮೊದಲಿದ್ದ ಹಾಗೇ ಇರುತ್ತದೆ. ತೊಂದರೆ ಇದ್ದದ್ದು ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿ ಕೂತ ಹೆಬ್ಬೆರಳಿನಷ್ಟು ಗಾತ್ರದ ಸ್ವಿಚ್ಚಿನಲ್ಲಿ, ಇಲ್ಲವೇ ಇಂಜಿನ್ನಿನ ಬಿಸಿಗೆ ಒಣಗಿ ಸೀಳಿದ ಒಂದು ರಬ್ಬರ್ ಪೈಪಿನಲ್ಲಿ. ಹೀಗೆ ದುಡ್ಡು ಕಳೆದುಕೊಳ್ಳುವ ಅಗತ್ಯವಿಲ್ಲ. ಒಂದು ಮಲ್ಟಿಮೀಟರ್, ಒಂದು ಟಾರ್ಚ್, ನಿಮ್ಮ ಕಾರಿನ ವೈರಿಂಗ್ ನಕ್ಷೆ ಮತ್ತು ತಾಳ್ಮೆ ಇದ್ದರೆ ಬಹುಪಾಲು ದೋಷಗಳನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ಈ ವ್ಯವಸ್ಥೆಯನ್ನು ಕಟ್ಟಿದವರ ಯೋಚನೆ ಹಿಡಿತಕ್ಕೆ ಸಿಕ್ಕರೆ ಹುಡುಕಾಟ ಅರ್ಧ ಮುಗಿದ ಹಾಗೆ. ಚಾಲಕನ ಕಾಲಿಲ್ಲದೆಯೇ ಥ್ರಾಟಲನ್ನು, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ತೆರೆದು ಹಿಡಿಯುವ ಯಂತ್ರ ಇದು. ಹಾಗಾಗಿ ಚೂರು ಅನುಮಾನ ಬಂದರೂ ಹಿಡಿತ ಬಿಟ್ಟುಬಿಡುವಂತೆ ಇದನ್ನು ಮಾಡಿರುತ್ತಾರೆ. ಬ್ರೇಕ್ ಒತ್ತಿಲ್ಲ, ಕ್ಲಚ್ ಒತ್ತಿಲ್ಲ, ಗೇರ್ ನ್ಯೂಟ್ರಲ್‌ನಲ್ಲಿಲ್ಲ, ವೇಗ ಗಂಟೆಗೆ ಸುಮಾರು 40 ಕಿ.ಮೀ. ದಾಟಿದೆ, ಸ್ಟಿಯರಿಂಗ್ ಬಟನ್ನಿನಿಂದ ಸಂಕೇತ ಸರಿಯಾಗಿ ಬಂದಿದೆ: ಇಷ್ಟೂ ಕಡೆಯಿಂದ ಒಪ್ಪಿಗೆ ಸಿಕ್ಕರೆ ಮಾತ್ರ ಅದು ವೇಗ ಹಿಡಿಯುತ್ತದೆ. ಒಂದೇ ಒಂದು ಒಪ್ಪಿಗೆ ತಪ್ಪಿದರೂ ಸುಮ್ಮನಿರುತ್ತದೆ. ಯಾವ ಒಪ್ಪಿಗೆ ಬರುತ್ತಿಲ್ಲ ಎಂದು ಕಂಡುಕೊಳ್ಳುವುದೇ ನಮ್ಮ ಇಡೀ ಕೆಲಸ.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ

ಕ್ರೂಸ್ ಹಿಡಿಯುತ್ತಿಲ್ಲ ಎಂಬುದು ಕಿರಿಕಿರಿ, ಅಷ್ಟೇ. ಹಿಡಿದದ್ದು ಬಿಡುತ್ತಿಲ್ಲ ಎಂದರೆ ಅಪಾಯ. ಬ್ರೇಕ್ ಮುಟ್ಟಿದರೂ ಥ್ರಾಟಲ್ ಇಳಿಯದಿದ್ದರೆ, ತಾನಾಗಿ ವೇಗ ಏರಿದರೆ, ಅಥವಾ ಪೆಡಲ್ ಬಿಟ್ಟಮೇಲೂ ಇಂಜಿನ್ ಜೋರಾಗಿಯೇ ಓಡುತ್ತಿದ್ದರೆ ಮತ್ತೆ ರಸ್ತೆಗಿಳಿದು ಪರೀಕ್ಷೆ ಮಾಡಲು ಹೋಗಬೇಡಿ. ಕ್ರೂಸಿನ ಫ್ಯೂಸ್ ತೆಗೆದಿಡಿ, ಕೇಬಲ್ ಮತ್ತು ಥ್ರಾಟಲ್ ಸಲೀಸಾಗಿ ಹಿಂದಕ್ಕೆ ಬರುತ್ತಿವೆಯೇ ಎಂದು ನಿಂತ ಕಾರಿನಲ್ಲೇ ನೋಡಿ.

ಕ್ರೂಸ್ ಭಾಗಗಳಿಂದ ಬೆಂಕಿ ಹೊತ್ತಿಕೊಂಡ ಇತಿಹಾಸವೂ ಇದೆ. 1990ರ ದಶಕದ ಮತ್ತು 2000ದ ಆರಂಭದ ಅನೇಕ ಫೋರ್ಡ್ ವಾಹನಗಳಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರಿನ ಹತ್ತಿರ ಕ್ರೂಸ್ ಬಿಡಿಸುವ ಒತ್ತಡದ ಸ್ವಿಚ್ಚೊಂದು ಇತ್ತು. ಕಾರು ಬಂದ್ ಮಾಡಿದ್ದಾಗಲೂ ಅದಕ್ಕೆ ಕರೆಂಟ್ ಹರಿಯುತ್ತಿತ್ತು. ಒಳಗಿನ ತೆಳು ಪದರ ಹರಿದು ಬ್ರೇಕ್ ದ್ರವ ವಿದ್ಯುತ್ ಭಾಗಕ್ಕೆ ಸೋರಿದಾಗ, ನಿಲ್ಲಿಸಿಟ್ಟ ವಾಹನಗಳೂ ಹೊತ್ತಿಕೊಂಡವು. 1999ರಿಂದ 2009ರವರೆಗೆ ಕಂತು ಕಂತಾಗಿ ಸುಮಾರು 1.4 ಕೋಟಿ ವಾಹನಗಳನ್ನು ಕಂಪನಿ ವಾಪಸ್ ಕರೆಸಿಕೊಂಡಿತು. ನಿಮ್ಮ ಕಾರು ಆ ಕಾಲದ ಫೋರ್ಡ್ ಆಗಿದ್ದರೆ ಷಾಸಿ ನಂಬರ್ ಕೊಟ್ಟು ಆ ದುರಸ್ತಿ ಆಗಿದೆಯೇ ಎಂದು ಮೊದಲು ವಿಚಾರಿಸಿ. ಆ ಸ್ವಿಚ್ಚಿನ ಕನೆಕ್ಟರಿನಲ್ಲಿ ಎಣ್ಣೆಯಂಥ ಪಸೆ ಕಂಡರೆ ಕನೆಕ್ಟರ್ ಕಿತ್ತಿಟ್ಟು ಮುಂದಿನ ಮಾತು.

ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ?

ಕಣ್ಣು ಕಾಣದ ಅಮೆರಿಕನ್ ಇಂಜಿನಿಯರ್ ರಾಲ್ಫ್ ಟೀಟರ್ ಕ್ರೂಸ್ ಕಂಟ್ರೋಲಿಗೆ ಪೇಟೆಂಟ್ ಪಡೆದದ್ದು 1950ರಲ್ಲಿ. ಕಾರಿನಲ್ಲಿ ಮೊದಲು ಬಂದದ್ದು 1958ರ ಕ್ರೈಸ್ಲರ್ ಇಂಪೀರಿಯಲ್‌ನಂಥ ಮಾದರಿಗಳಲ್ಲಿ. ಓಡುತ್ತಿರುವ ವೇಗವನ್ನೂ ನಿಗದಿ ಮಾಡಿದ ವೇಗವನ್ನೂ ಹೋಲಿಸಿ ಥ್ರಾಟಲನ್ನು ಎಳೆಯುವ ತತ್ವ ಅಂದಿನಿಂದ ಬದಲಾಗಿಲ್ಲ. ಎಳೆಯುವ ಕೈ ಮಾತ್ರ ಬದಲಾಗಿದೆ.

ಬಾನೆಟ್ ಎತ್ತಿ ಥ್ರಾಟಲ್ ಬಾಡಿಯ ಕಡೆ ನೋಡಿ. ಆಕ್ಸಿಲರೇಟರ್ ಕೇಬಲ್ ಜೊತೆಗೆ ಇನ್ನೊಂದು ಕೇಬಲ್ ಅಥವಾ ಮಣಿಸರಪಳಿ ಇದ್ದರೆ ಅದರ ಇನ್ನೊಂದು ತುದಿಯನ್ನು ಹಿಂಬಾಲಿಸಿ. ಅಲ್ಲಿ ತಟ್ಟೆಯಾಕಾರದ ಡಬ್ಬಿ, ಅದಕ್ಕೆ ರಬ್ಬರ್ ಪೈಪು ಇದ್ದರೆ ಅದು ವ್ಯಾಕ್ಯೂಮ್ ಬಗೆ, ಅಂದರೆ ಗಾಳಿಯ ಎಳೆತದಿಂದ ನಡೆಯುವುದು. ಇಂಜಿನ್ನಿನ ಇನ್‌ಟೇಕಿನಿಂದ (ಗಾಳಿ ಒಳಸೇರುವ ದಾರಿಯಿಂದ) ಬರುವ ಎಳೆತವನ್ನೇ ಬಳಸುವ ಕಾರುಗಳಿವೆ. ಚಿಕ್ಕ ವಿದ್ಯುತ್ ಪಂಪಿನಿಂದ ವ್ಯಾಕ್ಯೂಮ್ ಹುಟ್ಟಿಸಿಕೊಳ್ಳುವುವೂ ಇವೆ, ಯುರೋಪಿನ ಹಳೆಯ ಕಾರುಗಳಲ್ಲಿ ಇವು ಹೆಚ್ಚು. ಪೈಪಿಲ್ಲದೆ ಬರೀ ವೈರುಗಳಿರುವ ಡಬ್ಬಿಯಾದರೆ ಒಳಗೆ ವಿದ್ಯುತ್ ಮೋಟಾರು ಇದೆ. ಥ್ರಾಟಲಿಗೆ ಯಾವ ಕೇಬಲ್ಲೂ ಇಲ್ಲವೆಂದರೆ ಇಂಜಿನ್ ಕಂಪ್ಯೂಟರೇ ಥ್ರಾಟಲ್ ನಡೆಸುವ ಬಗೆ. ಅಲ್ಲಿ ಕ್ರೂಸಿಗೆಂದೇ ಬೇರೆ ಯಂತ್ರ ಇರುವುದಿಲ್ಲ, ಕೆಡುವ ಭಾಗಗಳೂ ಕಡಿಮೆ.

ಲಕ್ಷಣವನ್ನು ಸರಿಯಾಗಿ ಬರೆದಿಟ್ಟುಕೊಳ್ಳಿ

"ಕೆಲಸ ಮಾಡ್ತಿಲ್ಲ" ಎಂದಷ್ಟೇ ಹೇಳಿದರೆ ಎಲ್ಲಿಗೂ ತಲುಪುವುದಿಲ್ಲ. ಆನ್ ಬಟನ್ ಒತ್ತಿದಾಗ ಡ್ಯಾಶ್‌ಬೋರ್ಡಿನ ದೀಪವೇ ಹತ್ತುವುದಿಲ್ಲವೇ? ಹಾಗಾದರೆ ಫ್ಯೂಸ್, ಆನ್ ಸ್ವಿಚ್, ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗಿನ ಒಳಗೆ ಸುರುಳಿ ಸುತ್ತಿದ, ಬಟನ್ನುಗಳ ಸಂಕೇತ ಸಾಗಿಸುವ ತೆಳು ಪಟ್ಟಿ) ಕಡೆ ಹೋಗಿ. ದೀಪ ಹತ್ತುತ್ತದೆ, ವೇಗ ನಿಗದಿ ಮಾಡುವ ಸೆಟ್ ಬಟನ್ ಒತ್ತಿದರೆ ಹಿಡಿಯುವುದಿಲ್ಲ ಎಂದರೆ ಬ್ರೇಕ್ ಸ್ವಿಚ್ ಮತ್ತು ವೇಗದ ಸಂಕೇತ ಮೊದಲ ಆರೋಪಿಗಳು. ಹಿಡಿದು ಒಂದೆರಡು ನಿಮಿಷಕ್ಕೆ ಬಿಟ್ಟುಬಿಡುತ್ತದೆ, ಅದರಲ್ಲೂ ರಸ್ತೆಯ ಗುಂಡಿ ಹಾಯ್ದಾಗ ಬಿಡುತ್ತದೆ ಎಂದರೆ ಸರಿಹೊಂದಿಸದ ಪೆಡಲ್ ಸ್ವಿಚ್ ಅಥವಾ ಸಡಿಲ ಕನೆಕ್ಟರ್. ಏರು ಹತ್ತುವಾಗ ವೇಗ ಸೋರಿಹೋಗುತ್ತದೆ ಎಂದರೆ ವ್ಯಾಕ್ಯೂಮ್ ಸೋರಿಕೆ ಅಥವಾ ಕೇಬಲ್ ಸಡಿಲ. ವೇಗ ಏರುತ್ತ ಇಳಿಯುತ್ತ ತೂಗಾಡಿದರೆ ಕೇಬಲ್, ವೇಗದ ಸೆನ್ಸರ್, ಇಲ್ಲವೇ ಇಂಜಿನ್ನಿನದೇ ತೊಂದರೆ. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ತಪ್ಪಿಹೋದರೆ ಕ್ಲಾಕ್ ಸ್ಪ್ರಿಂಗ್ ಎಂದು ಬಹುಮಟ್ಟಿಗೆ ಖಚಿತ.

ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ಅಥವಾ ಎಬಿಎಸ್ ದೀಪ ಉರಿಯುತ್ತಿದೆಯೇ ಎಂಬುದನ್ನೂ ಗಮನಿಸಿ. ಕಂಪ್ಯೂಟರ್ ಥ್ರಾಟಲಿನ ಕೆಲವು ಕಾರುಗಳಲ್ಲಿ ಈ ದೀಪಗಳು ಹತ್ತಿರುವಷ್ಟು ಹೊತ್ತು ಕ್ರೂಸನ್ನು ಬೇಕೆಂದೇ ತಡೆಹಿಡಿಯುತ್ತಾರೆ. ಅಂಥಲ್ಲಿ ಕ್ರೂಸಿನ ಭಾಗ ಒಂದೂ ಕೆಟ್ಟಿರುವುದಿಲ್ಲ. ಮೊದಲು ಆ ದೀಪದ ಕಾರಣ ಸರಿಪಡಿಸಿ.

ಫ್ಯೂಸ್

ಬೇಗ ಮುಗಿಯುವ ಕೆಲಸ. ಕಣ್ಣಲ್ಲಿ ನೋಡಿ ಸರಿಯಿದೆ ಎನ್ನಬೇಡಿ. ಇಗ್ನಿಷನ್ ಆನ್ ಇಟ್ಟು ಫ್ಯೂಸಿನ ತಲೆಯ ಎರಡೂ ಬದಿಯಲ್ಲಿ ವೋಲ್ಟೇಜ್ ಅಳೆಯಿರಿ. ಎರಡೂ ಕಡೆ ಬ್ಯಾಟರಿಯ ವೋಲ್ಟೇಜ್ ಇರಬೇಕು. ಕ್ರೂಸಿನ ಫ್ಯೂಸ್ ಅಷ್ಟೇ ಅಲ್ಲ, ಬ್ರೇಕ್ ಲೈಟಿನ ಫ್ಯೂಸನ್ನೂ ನೋಡಿ. ಹೊಸದು ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿ ಅದನ್ನು ಮುಚ್ಚಿಹಾಕಬಾರದು.

ಬ್ರೇಕ್ ದೀಪ ಮತ್ತು ಪೆಡಲ್ ಸ್ವಿಚ್: ಇಲ್ಲಿ ಸಮಯ ಕೊಡಿ

ಇಡೀ ಹುಡುಕಾಟದಲ್ಲಿ ಒಂದೇ ಜಾಗ ನೋಡಲು ಅವಕಾಶ ಕೊಟ್ಟರೆ ನಾನು ನೋಡುವುದು ಇದನ್ನೇ. ಕಾರಿನ ಹಿಂದೆ ಯಾರನ್ನಾದರೂ ನಿಲ್ಲಿಸಿ ಬ್ರೇಕ್ ಒತ್ತಿ. ಎಲ್ಲ ದೀಪಗಳೂ ಹತ್ತಬೇಕು. ಬಿಟ್ಟ ತಕ್ಷಣ ಪೂರ್ತಿ ಆರಬೇಕು, ಮಂಕಾಗಿ ಉರಿಯುತ್ತಿರಲೂಬಾರದು.

ದೀಪ ಆರದೆ ಉಳಿದರೆ ನೀವು ಸದಾ ಬ್ರೇಕ್ ತುಳಿದಿದ್ದೀರಿ ಎಂದೇ ಮಾಡ್ಯೂಲ್ ತಿಳಿಯುತ್ತದೆ. ಇದಕ್ಕೆ ಬಹಳ ಸಲ ಕಾರಣವಾಗುವುದು ಕಾಸಿನಷ್ಟಗಲದ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿರಡೆ. ಪೆಡಲಿನ ತೋಳಿನಲ್ಲಿರುವ ತೂತನ್ನು ಮುಚ್ಚಿ, ಸ್ವಿಚ್ಚಿನ ಕಡ್ಡಿಯನ್ನು ಒತ್ತಿಹಿಡಿಯುವುದು ಅದರ ಕೆಲಸ. ವರ್ಷಗಳಾದಂತೆ ಅದು ಪುಡಿಯಾಗಿ ಉದುರುತ್ತದೆ, ಕಡ್ಡಿ ತೂತಿನೊಳಗೆ ತೂರುತ್ತದೆ, ಸ್ವಿಚ್ ಬಿಡುವುದೇ ಇಲ್ಲ. ಚಾಲಕನ ಕಾಲಡಿಯ ಮ್ಯಾಟಿನ ಮೇಲೆ ಬಣ್ಣದ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ರಾತ್ರಿಯೆಲ್ಲ ದೀಪ ಉರಿದು ಬ್ಯಾಟರಿ ಇಳಿಯುವುದಕ್ಕೂ ಇದೇ ಕಾರಣ. ಕ್ಲಚ್ ಪೆಡಲಿನಲ್ಲೂ ಇಂಥದೇ ಬಿರಡೆ ಇರುತ್ತದೆ.

ದೀಪ ಸರಿಯಾಗಿ ಹತ್ತಿ ಆರಿದರೂ ಸ್ವಿಚ್ ನಿರ್ದೋಷಿ ಎಂದುಕೊಳ್ಳಬೇಡಿ. ಹೆಚ್ಚಿನ ಕಾರುಗಳಲ್ಲಿ ಒಂದೇ ಸ್ವಿಚ್ಚಿನೊಳಗೆ ಎರಡು ಸಂಪರ್ಕಗಳು ಇರುತ್ತವೆ, ಅಥವಾ ಪಕ್ಕದಲ್ಲೇ ಎರಡನೆಯ ಸ್ವಿಚ್ ಇರುತ್ತದೆ. ಒಂದು ಬ್ರೇಕ್ ದೀಪದ್ದು: ಪೆಡಲ್ ಬಿಟ್ಟಾಗ ತೆರೆದು, ಒತ್ತಿದಾಗ ಮುಚ್ಚುತ್ತದೆ. ಇನ್ನೊಂದು ಕ್ರೂಸಿನದು, ಅದರ ತದ್ವಿರುದ್ಧ: ಪೆಡಲ್ ಬಿಟ್ಟಾಗ ಮುಚ್ಚಿರಬೇಕು, ಮುಟ್ಟಿದ ಕೂಡಲೇ ತೆರೆಯಬೇಕು. ಎರಡನೆಯದು ಕೆಟ್ಟರೆ ದೀಪಗಳಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಕ್ರೂಸ್ ಮಾತ್ರ ಸತ್ತಿರುತ್ತದೆ. ಮೀಟರಿನ ಕಪ್ಪು ತುದಿಯನ್ನು ಬಾಡಿಯ ಲೋಹಕ್ಕೆ ಹಿಡಿದು ಕೆಂಪು ತುದಿಯನ್ನು ಕನೆಕ್ಟರಿನ ಹಿಂಬದಿಯಿಂದ ಪಿನ್ನಿಗೆ ತಾಗಿಸಿ. ಕ್ರೂಸ್ ಸಂಪರ್ಕಕ್ಕೆ ಹೋಗುವ ಮತ್ತು ಅಲ್ಲಿಂದ ಹೊರಡುವ ವೈರುಗಳೆರಡರಲ್ಲೂ ಪೆಡಲ್ ಬಿಟ್ಟಾಗ ಸಮನಾದ ವೋಲ್ಟೇಜ್ ಇರಬೇಕು. ಪೆಡಲನ್ನು ಬೆರಳಿನಿಂದ ಹಗುರವಾಗಿ ಒತ್ತಿದರೆ ಹೊರಡುವ ವೈರಿನಲ್ಲಿ ಸೊನ್ನೆಗೆ ಇಳಿಯಬೇಕು. ಪೆಡಲನ್ನು ಅಲುಗಿಸದೆ ಸ್ವಿಚ್ಚನ್ನಷ್ಟೇ ಅಲುಗಾಡಿಸಿದಾಗ ವೋಲ್ಟೇಜ್ ಮಿಣುಕಿದರೆ ಗುಂಡಿ ಹಾಯುವಾಗ ಕ್ರೂಸ್ ಏಕೆ ಬಿಡುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು. ಸ್ವಿಚ್ ಹಿಡಿದಿರುವ ನಟ್ಟನ್ನು ಸರಿಹೊಂದಿಸಿ ನೋಡಿ. ಸಂಪರ್ಕಗಳೇ ಸವೆದಿದ್ದರೆ ಹೊಸದು ಹಾಕಿ.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ಹಲವು ಹಳೆಯ ವ್ಯವಸ್ಥೆಗಳಲ್ಲಿ ಮಾಡ್ಯೂಲ್ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ತ್ ಇದೆಯೇ ಎಂದು ನೋಡುತ್ತಿರುತ್ತದೆ. ಬಲ್ಬುಗಳೆಲ್ಲ ಸುಟ್ಟರೆ, ಅಥವಾ ಚಂದಕ್ಕೆಂದು ಎಲ್‌ಇಡಿ ಬಲ್ಬ್ ಹಾಕಿಸಿದರೆ, ಆ ಅರ್ತ್ ಸಿಗದೆ ಕ್ರೂಸ್ ಹಿಡಿಯುವುದಿಲ್ಲ. ಎಲ್‌ಇಡಿ ಹಾಕಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಹಳೆಯ ಮಾದರಿಯ ಬಲ್ಬನ್ನೇ ವಾಪಸ್ ಹಾಕಿ ಪರೀಕ್ಷಿಸಿ.

ಕ್ಲಚ್ ಸ್ವಿಚ್ಚಿನ ಪರೀಕ್ಷೆ ಹೆಚ್ಚುಕಡಿಮೆ ಇದೇ ಥರ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಪಾರ್ಕ್-ನ್ಯೂಟ್ರಲ್ ಸ್ವಿಚ್ ನೋಡಿ. ಡ್ರೈವ್‌ನಲ್ಲಿದ್ದಾಗ ಡ್ಯಾಶ್‌ಬೋರ್ಡಿನಲ್ಲೂ ಡ್ರೈವ್ ಎಂದೇ ತೋರಿಸಬೇಕು. ಕ್ಲಚ್ ಪ್ಲೇಟ್ ಜಾರುತ್ತಿದ್ದರೂ ಕೆಲವು ಮಾಡ್ಯೂಲುಗಳು ಇಂಜಿನ್ ಸುತ್ತು ಒಮ್ಮೆಲೇ ಏರಿದ್ದನ್ನು ಗುರುತಿಸಿ ಕ್ರೂಸ್ ಬಿಡಿಸುತ್ತವೆ.

ಪರೀಕ್ಷೆಗೆಂದು ಪೆಡಲ್ ಸ್ವಿಚ್ಚಿನ ಎರಡು ವೈರುಗಳನ್ನು ಒಟ್ಟಿಗೆ ಕಟ್ಟಿ ರಸ್ತೆಗೆ ಇಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುರ್ತಿನಲ್ಲಿ ಥ್ರಾಟಲನ್ನು ಬಿಡಿಸುವ ದಾರಿಯನ್ನೇ ಕತ್ತರಿಸಿ ಹೊರಟ ಹಾಗಾಗುತ್ತದೆ.

ವೇಗದ ಸಂಕೇತ

ಸ್ಪೀಡೋಮೀಟರ್ ಮುಳ್ಳು ನಡುಗುತ್ತಿದ್ದರೆ, ಹಾರುತ್ತಿದ್ದರೆ, ಸತ್ತಿದ್ದರೆ ಕ್ರೂಸಿಗೂ ವೇಗ ಗೊತ್ತಾಗುತ್ತಿಲ್ಲ ಎಂದೇ ಹಿಡಿಯಿರಿ. ಮುಳ್ಳು ಸರಿಯಾಗಿದ್ದರೂ ಕ್ರೂಸಿಗೆ ಹೋಗುವ ವೈರು ತುಂಡಾಗಿರಬಹುದು. ಸ್ಪೀಡೋಮೀಟರಿಗೆ ಉಕ್ಕಿನ ಕೇಬಲ್ ಬರುವ ಹಳೆಯ ಕಾರುಗಳಲ್ಲಿ ಮೀಟರಿನ ಬೆನ್ನಿಗೇ ಚಿಕ್ಕ ಸೆನ್ಸರ್ ಇರುತ್ತದೆ. ಮುಳ್ಳು ಆಡಿದರೂ ಅದು ಪ್ರತ್ಯೇಕವಾಗಿ ಕೆಡಬಲ್ಲದು.

ಗೇರ್‌ಬಾಕ್ಸಿನ ಮೇಲಿರುವ ಸೆನ್ಸರಿಗೆ ಮೂರು ವೈರಿದ್ದರೆ ಹೀಗೆ ಮಾಡಿ. ಡ್ರೈವ್ ಸಿಗುವ ಚಕ್ರಗಳೆರಡನ್ನೂ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಉಳಿದೆರಡಕ್ಕೆ ಅಡೆ ಇಡಿ. ಇಂಜಿನ್ ಬಂದ್, ಇಗ್ನಿಷನ್ ಆನ್, ಗೇರ್ ನ್ಯೂಟ್ರಲ್. ಸಂಕೇತದ ವೈರಿಗೆ ಮೀಟರ್ ಹಿಡಿದು ಒಂದು ಚಕ್ರವನ್ನು ಯಾರಾದರೂ ಅಲುಗದಂತೆ ಹಿಡಿದುಕೊಳ್ಳಲಿ, ಇನ್ನೊಂದನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ವೋಲ್ಟೇಜ್ ಸೊನ್ನೆಗೂ 5ಕ್ಕೂ, ಕೆಲವದರಲ್ಲಿ ಸೊನ್ನೆಗೂ 12ಕ್ಕೂ ನಡುವೆ ಹತ್ತಿ ಇಳಿಯುತ್ತಿರಬೇಕು. ಎರಡೇ ವೈರಿನ ಸೆನ್ಸರಾದರೆ ಅದು ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಮೀಟರನ್ನು ಎಸಿಗೆ ತಿರುಗಿಸಿ, ಚಕ್ರವನ್ನು ಸ್ವಲ್ಪ ಜೋರಾಗಿ ತಿರುಗಿಸಿ ನೋಡಿ. ಜಾಕ್ ಒಂದನ್ನೇ ನಂಬಿ ಕಾರಿನಡಿ ತೂರಬೇಡಿ.

ಸ್ಟಿಯರಿಂಗ್ ಬಟನ್ನುಗಳು

ಹಾರನ್ ಒತ್ತಿ ನೋಡಿ. ಹಾರನ್ನೂ ಇಲ್ಲ, ಕ್ರೂಸೂ ಇಲ್ಲ, ಏರ್‌ಬ್ಯಾಗ್ ದೀಪ ಬೇರೆ ಹತ್ತಿದೆ ಎಂದರೆ ಮೂರಕ್ಕೂ ಒಂದೇ ದಾರಿಯಾದ ಕ್ಲಾಕ್ ಸ್ಪ್ರಿಂಗ್ ತುಂಡಾಗಿದೆ.

ಅನೇಕ ಕಾರುಗಳಲ್ಲಿ ಎಲ್ಲ ಬಟನ್ನುಗಳೂ ಒಂದೇ ವೈರನ್ನು ಬಳಸುತ್ತವೆ. ಪ್ರತಿ ಬಟನ್ನಿಗೂ ಬೇರೆ ರೆಸಿಸ್ಟರ್. ಬರುವ ವೋಲ್ಟೇಜ್ ನೋಡಿಯೇ ಯಾವ ಬಟನ್ ಎಂದು ಕಂಪ್ಯೂಟರ್ ತಿಳಿಯುತ್ತದೆ. ಸಂಪರ್ಕದಲ್ಲಿ ಕಿಲುಬು ಹತ್ತಿದರೆ ಓಮ್ ಲೆಕ್ಕ ಏರುಪೇರಾಗಿ ಸೆಟ್ ಒತ್ತಿದ್ದು ಬೇರೇನೋ ಆಗಿ ತಲುಪುತ್ತದೆ. ಸ್ಟಿಯರಿಂಗ್ ಬಿಚ್ಚದೆಯೇ, ಕಾಲಂ ಕೆಳಗಿನ ಕನೆಕ್ಟರಿನಲ್ಲಿ ಪ್ರತಿ ಬಟನ್ ಒತ್ತಿ ಅಳೆದು, ಮ್ಯಾನ್ಯುಯಲ್ಲಿನ ಕೋಷ್ಟಕಕ್ಕೆ ಹೋಲಿಸಿ. ಹಳದಿ ಬಣ್ಣದ ಕನೆಕ್ಟರುಗಳು ಏರ್‌ಬ್ಯಾಗಿನವು, ಅವಕ್ಕೆ ಮೀಟರ್ ತಾಗಿಸಲೇಬಾರದು. ಕ್ಲಾಕ್ ಸ್ಪ್ರಿಂಗ್ ಬದಲಿಸಲು ಏರ್‌ಬ್ಯಾಗ್ ತೆಗೆಯಬೇಕಾಗುತ್ತದೆ. ಬ್ಯಾಟರಿ ಕಳಚಿ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯುವ ಅಭ್ಯಾಸ ಇಲ್ಲದವರು ಆ ಕೆಲಸವನ್ನು ತಿಳಿದ ಮೆಕ್ಯಾನಿಕ್ ಕೈಗೆ ಕೊಡುವುದೇ ಸರಿ.

ವ್ಯಾಕ್ಯೂಮ್ ಬಗೆಯಾದರೆ

ಹಳೆಯ ಕಾರಿನಲ್ಲಿ ರಬ್ಬರನ್ನು ನಂಬುವಂತಿಲ್ಲ. ಇನ್‌ಟೇಕಿನಿಂದ ಹಿಡಿದು ಸರ್ವೋ (ಥ್ರಾಟಲಿನ ಕೇಬಲ್ ಎಳೆಯುವ ಡಬ್ಬಿ) ತನಕ ಪೈಪಿನ ಉದ್ದಕ್ಕೂ ಬೆರಳಾಡಿಸಿ, ತುದಿಗಳನ್ನು ಮಡಚಿ ನೋಡಿ. ಬಿರುಕು ಹೆಚ್ಚಾಗಿ ತುದಿಯಲ್ಲೇ, ಮೊಳೆಯಂಥ ನಳಿಕೆಗೆ ಸಿಕ್ಕಿಸಿದ ಜಾಗದಲ್ಲಿ ಇರುತ್ತದೆ. ಉದ್ದ ಸಾಕಷ್ಟಿದ್ದರೆ ತುದಿಯನ್ನು ಒಂದಿಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಆಯಿತು. ದಾರಿಯಲ್ಲಿ ಸಿಗುವ ಚೆಕ್ ವಾಲ್ವನ್ನು ಬಿಚ್ಚಿ ಊದಿ: ಗಾಳಿ ಒಂದೇ ಕಡೆಗೆ ಹೋಗಬೇಕು. ಎರಡೂ ಕಡೆ ಹೋದರೆ ಏರಿನಲ್ಲಿ ಥ್ರಾಟಲ್ ಹೆಚ್ಚು ತೆರೆದಾಗ ಕೂಡಿಟ್ಟ ವ್ಯಾಕ್ಯೂಮ್ ವಾಪಸ್ ಓಡಿಹೋಗಿ ಕಾರು ವೇಗ ಕಳೆದುಕೊಳ್ಳುತ್ತದೆ.

ವ್ಯಾಕ್ಯೂಮ್ ಹುಟ್ಟಿಸುವ ಕೈಪಂಪು ಇದ್ದರೆ ಡಯಾಫ್ರಮ್ (ಸರ್ವೋ ಒಳಗಿನ ರಬ್ಬರ್ ಪದರ) ಪರೀಕ್ಷೆ ಸುಲಭ. ಸರ್ವೋಗೆ ನೇರವಾಗಿ ಪಂಪು ಜೋಡಿಸಿ ಪಾದರಸದ 15 ಇಂಚಿನಷ್ಟು, ಅಂದರೆ ಸುಮಾರು 50 ಕಿಲೋಪ್ಯಾಸ್ಕಲ್, ಎಳೆಯಿರಿ. ಕೇಬಲ್ ಒಳಗೆಳೆದುಕೊಂಡು ಅಲ್ಲೇ ನಿಲ್ಲಬೇಕು. ಮುಳ್ಳು ಕಣ್ಣೆದುರೇ ಇಳಿದರೆ ಡಯಾಫ್ರಮ್ ತೂತು. ಆದರೆ ಸರ್ವೋ ಒಳಗೇ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳಿದ್ದರೆ ಈ ತೀರ್ಪು ಅವಸರದ್ದಾಗುತ್ತದೆ. ಗಾಳಿ ಹೊರಬಿಡುವ ವಾಲ್ವ್ ಕರೆಂಟ್ ಇಲ್ಲದಾಗ ತೆರೆದೇ ಇರುತ್ತದೆ, ವಿದ್ಯುತ್ ಹೋದರೆ ಥ್ರಾಟಲ್ ಬಿಡಲಿ ಎಂದು. ಅಂಥದಕ್ಕೆ ಮ್ಯಾನ್ಯುಯಲ್ ಹೇಳಿದ ಪಿನ್ನುಗಳಿಗೆ ಕರೆಂಟ್ ಕೊಟ್ಟು ವಾಲ್ವ್ ಮುಚ್ಚಿಸಿಯೇ ಪರೀಕ್ಷಿಸಬೇಕು. ಇದೆಲ್ಲ ಇಂಜಿನ್ ಬಂದ್ ಇದ್ದಾಗ ಮಾತ್ರ.

ಬ್ರೇಕ್ ಪೆಡಲಿನ ಬಳಿ ವಿದ್ಯುತ್ ಸ್ವಿಚ್ಚಿನ ಜೊತೆಗೆ ಗಾಳಿ ಬಿಡುವ ಚಿಕ್ಕ ವಾಲ್ವ್ ಒಂದೂ ಇರಬಹುದು, ಅದಕ್ಕೊಂದು ತೆಳು ಪೈಪು. ಪೆಡಲ್ ಮೇಲಿದ್ದಾಗ ಅದು ಗಾಳಿಯಾಡದಂತೆ ಮುಚ್ಚಿರಬೇಕು, ಒತ್ತಿದಾಗ ಒಮ್ಮೆಗೇ ತೆರೆಯಬೇಕು. ಸರಿಹೊಂದಿಸದೆ ಬಿಟ್ಟರೆ ಸದಾ ಸೋರುತ್ತಿರುತ್ತದೆ. ಪಂಪಿನ ಬಗೆಯ ಕಾರುಗಳಲ್ಲಿ ಈ ವಾಲ್ವ್ ನೋಡದೆ ಪಂಪು ಕೆಟ್ಟಿದೆ ಎಂದು ತೀರ್ಮಾನಿಸುವುದು ಬೇಡ.

ವಿದ್ಯುತ್ ಮೋಟಾರಿನ ಸರ್ವೋ ಒಳಗೆ ಮೋಟಾರು, ಹಲ್ಲುಚಕ್ರ, ವಿದ್ಯುತ್ ಕ್ಲಚ್ ಇರುತ್ತವೆ. ಹೊರಗಿನಿಂದ ನೋಡಬಹುದಾದ್ದು ಅದಕ್ಕೆ ಬರುವ ವೋಲ್ಟೇಜ್ ಮತ್ತು ಅರ್ತ್. ಅರ್ತ್ ವೈರಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ, ಕರೆಂಟ್ ಹರಿಯುತ್ತಿರುವಾಗ, 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಮತ್ತೆ ಬಿಗಿ ಮಾಡಿ.

ಕೇಬಲ್ ಯಾವ ಬಗೆಯಲ್ಲಿದ್ದರೂ ಗಮನ ಬೇಡುತ್ತದೆ. ತುಸು ಸಡಿಲ ಇರಲೇಬೇಕು. ತೀರಾ ಬಿಗಿಯಾದರೆ ಥ್ರಾಟಲ್ ಪೂರ್ತಿ ಮುಚ್ಚದೆ ನಿಂತಲ್ಲೇ ಇಂಜಿನ್ ಜೋರಾಗಿ ಓಡುತ್ತದೆ. ತೀರಾ ಸಡಿಲವಾದರೆ ಸೆಟ್ ಒತ್ತಿದ ಮೇಲೆ ವೇಗ ಇಳಿದು, ಆಮೇಲೆ ತಡವಾಗಿ ಏರಿ, ತೂಗಾಟ ಶುರುವಾಗುತ್ತದೆ.

ಸ್ಕ್ಯಾನರ್ ಇದ್ದರೆ

ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಒಬಿಡಿ ವ್ಯವಸ್ಥೆ (ದೋಷಗಳನ್ನು ಕಾರೇ ಗುರುತಿಸಿ ಕೋಡ್ ಆಗಿ ಉಳಿಸಿಡುವುದು) ಕಡ್ಡಾಯವಾಯಿತು. ಅಂಥ ಕಾರಾದರೆ ಸ್ಕ್ಯಾನರ್ ಜೋಡಿಸಿ ಕೋಡ್ ಓದಿ. ಪಿ0500 ವೇಗದ ಸೆನ್ಸರಿನದು, ಪಿ0571 ಬ್ರೇಕ್ ಸ್ವಿಚ್ಚಿನದು, ಪಿ0504 ಬ್ರೇಕ್ ಸ್ವಿಚ್ಚಿನ ಎರಡು ಸಂಪರ್ಕಗಳ ತಾಳೆ ತಪ್ಪಿದ್ದು, ಪಿ0565ರಿಂದ ಪಿ0568ರವರೆಗಿನವು ಬಟನ್ನುಗಳ ಸಂಕೇತದವು. ಕೋಡಿಗಿಂತ, ಆ ಕ್ಷಣದ ಸಂಕೇತಗಳನ್ನು ತೋರಿಸುವ ಲೈವ್ ಡೇಟಾ ಇನ್ನೂ ಉಪಯುಕ್ತ. ಪೆಡಲ್ ಒತ್ತುತ್ತ, ಬಟನ್ ಒತ್ತುತ್ತ ಪರದೆಯಲ್ಲಿ ಆಯಾ ಸಾಲು ಬದಲಾಗುತ್ತದೆಯೇ ನೋಡಿ. ಬದಲಾಗದ ಸಾಲೇ ಒಪ್ಪಿಗೆ ತಡೆದವನ ಹೆಸರು. ಕೆಲವು ಸ್ಕ್ಯಾನರುಗಳು ಕ್ರೂಸ್ ಕೊನೆಯ ಸಲ ಏಕೆ ಬಿಟ್ಟಿತು ಎಂಬ ಕಾರಣವನ್ನೂ ತೋರಿಸುತ್ತವೆ.

ಮಾಡ್ಯೂಲ್, ಕಟ್ಟಕಡೆಗೆ

ಮೇಲಿನದೆಲ್ಲ ಸರಿಯಿದ್ದು, ಮಾಡ್ಯೂಲಿನ ಕನೆಕ್ಟರಿನಲ್ಲೇ ಪ್ರತಿಯೊಂದು ಸಂಕೇತ ಬಂದು ತಲುಪುತ್ತಿದೆ ಎಂದು ಅಳೆದು ಖಚಿತ ಮಾಡಿಕೊಂಡ ಮೇಲೆ ಮಾತ್ರ ಅದರ ಕಡೆ ಬೆರಳು ತೋರಿಸಿ. ಆಗಲೂ ಹೊಸದು ತರುವ ಮೊದಲು ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ಬೆಸುಗೆಗಳನ್ನು ನೋಡಿ. 1980ರ ದಶಕದ ಮರ್ಸಿಡಿಸ್‌ಗಳ ಕ್ರೂಸ್ ಮಾಡ್ಯೂಲುಗಳಲ್ಲಿ ಬೆಸುಗೆ ಬಿರಿಯುವುದು ಹೆಸರಾದ ಕಾಯಿಲೆ. ಪಿನ್ನಿನ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು ಕಾಣುತ್ತದೆ. ಕಾರು ತಣ್ಣಗಿದ್ದಾಗ ನಡೆದು ಬಿಸಿಯಾದಾಗ ನಿಲ್ಲುವುದು ಇದರ ಗುರುತು. ಹಳೆಯ ಬೆಸುಗೆ ಹೀರಿ ತೆಗೆದು ಹೊಸದಾಗಿ ಬೆಸೆದರೆ ಅದೇ ಮಾಡ್ಯೂಲ್ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ.

ದುರಸ್ತಿಯಾದ ಮೇಲೆ

ಖಾಲಿಯಾದ, ನೇರವಾದ, ಒಣಗಿದ ರಸ್ತೆಗೆ ಹೋಗಿ. 60 ಕಿ.ಮೀ. ವೇಗದಲ್ಲಿ ಸೆಟ್ ಒತ್ತಿ, ಕಾಲನ್ನು ಬ್ರೇಕ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಹಿಡಿದಿದೆ ಎಂದು ಖುಷಿಪಡುವ ಮೊದಲು ಬಿಡುತ್ತದೆಯೇ ಎಂದು ನೋಡಬೇಕು: ಬ್ರೇಕನ್ನು ಕಾರು ನಿಧಾನವಾಗದಷ್ಟು ಹಗುರವಾಗಿ ಮುಟ್ಟಿ, ಮತ್ತೆ ಸೆಟ್ ಮಾಡಿ ಕ್ಲಚ್ ಮುಟ್ಟಿ, ಮತ್ತೆ ಸೆಟ್ ಮಾಡಿ ಕ್ಯಾನ್ಸಲ್, ಕೊನೆಗೆ ಆಫ್ ಬಟನ್. ಇವುಗಳಲ್ಲಿ ಒಂದರಿಂದ ಬಿಡದಿದ್ದರೂ ಫ್ಯೂಸ್ ತೆಗೆದು ಮನೆಗೆ ಬನ್ನಿ, ದುರಸ್ತಿ ಇನ್ನೂ ಮುಗಿದಿಲ್ಲ. ಎಲ್ಲವೂ ಸರಿಯಾದರೆ ಒಂದು ಏರಿನಲ್ಲೂ ಒಂದು ಇಳಿಜಾರಿನಲ್ಲೂ ಓಡಿಸಿ ವೇಗ ನಿಲ್ಲುತ್ತದೆಯೇ ನೋಡಿ. ಹಳೆಯ ಬಗೆಯ ಕ್ರೂಸ್ ಬ್ರೇಕ್ ಹಾಕುವುದಿಲ್ಲ, ಇಳಿಜಾರಿನಲ್ಲಿ ಕಾರು ತುಸು ಓಟ ಹೆಚ್ಚಿಸಿಕೊಂಡರೆ ಅದು ದೋಷವಲ್ಲ. ಪೆಡಲ್ ಸ್ವಿಚ್ ಹೊಸದಾಗಿ ಕೂರಿಸಿದ್ದರೆ ಒಂದು ವಾರದ ನಂತರ ಇನ್ನೊಮ್ಮೆ ಬ್ರೇಕ್ ದೀಪ ನೋಡಿ, ಅದರ ನಟ್ ಸಡಿಲವಾಗಿಲ್ಲವೆಂದು ಕೈಯಿಂದ ಅಲುಗಿಸಿ ಖಚಿತ ಮಾಡಿಕೊಳ್ಳಿ.